ಫೋನಿನಲ್ಲಿ ಪಿಸುಗುಟ್ಟಿದ್ದು ಯಾರು?

ನವರಾತ್ರಿ ಬಂತೆಂದರೆ ಮಹಾಪೆಯ ಆಫೀಸುಗಳಲ್ಲಿ ಹೆಂಗಸರು ದಿನಕ್ಕೊಂದು ಬಣ್ಣದ ಸೀರೆ ಉಡುತ್ತಾರೆ. ಯಾವ ದಿನಕ್ಕೆ ಯಾವ ಬಣ್ಣವೆಂದು ಪೇಪರಿನಲ್ಲಿ ಬಂದ ಮೇಲೆ ಗಂಟು ಕಟ್ಟಿಕೊಂಡು ಹೊರಡುವವರಿಗೆ ಉಳಿಯುವುದು ಬರೀ ಚೌಕಾಸಿ. ಅದಕ್ಕೂ ಮೊದಲೇ ಹೊರಟವರಿಗೆ ವ್ಯಾಪಾರ. ಡೊಂಬಿವಲಿಯ ನನ್ನ ಮನೆಯಿಂದ ಸೀರೆ ಮಾರಲು ತೊಡಗಿದ ಇಷ್ಟು ವರ್ಷಗಳಲ್ಲಿ ನಾನು ಕಲಿತ ಮೊದಲ ಪಾಠ ಇದು. ಬೇಕಾದವರು ಇಟ್ಟುಕೊಳ್ಳಿ.

ಈ ಸಲವೂ ಹಾಗೆಯೇ ಮುಂಚಿತವಾಗಿ ಹೋಗಿದ್ದೆ. ಗಿರಾಕಿಯೊಬ್ಬಳು ಫೋನ್ ಮಾಡಿ, ತನ್ನ ಆಫೀಸು ಹಿಂದಿನ ಗಲ್ಲಿಯ ಕಟ್ಟಡಕ್ಕೆ ಬದಲಾಗಿದೆ, ಅಲ್ಲಿಗೇ ಬನ್ನಿ ಎಂದಳು. ಹೋಗಿ ನೋಡಿದರೆ ಕೊರಿಯರ್ ಕಂಪನಿಯ ಗೋದಾಮು. ಬಾಗಿಲು ತಳ್ಳಿದ್ದೇ ತಡ, ಒದ್ದೆ ಸ್ಪಂಜಿನ ವಾಸನೆ ಮುಖಕ್ಕೆ ಬಡಿಯಿತು. ಪಾರ್ಸೆಲ್ಲುಗಳ ರಾಶಿಯ ಹಿಂದೆ, ಮೊಟ್ಟೆಯ ಟ್ರೇಯ ಹಾಗೆ ಉಬ್ಬುತಗ್ಗಿದ್ದ ಬೂದು ಸ್ಪಂಜು ಗೋಡೆಗೆ ಇನ್ನೂ ಅಂಟಿಕೊಂಡೇ ಇತ್ತು. ಸೀರೆಯ ಗಂಟನ್ನು ಅಲ್ಲೇ ಕೆಳಗಿಟ್ಟು ನಿಂತುಬಿಟ್ಟೆ. ಒಂದು ಕಾಲಕ್ಕೆ ಇದು ದನಿ ಮುದ್ರಿಸುವ ಕೋಣೆ, ಆ ಮೂಲೆಯಲ್ಲೇ ಮೈಕ್ ಇದ್ದದ್ದು. ಅದರ ಎದುರು ಕನ್ನಡ ಶಾಲೆಯ ಮಹಾದೇವಿ ಟೀಚರ್ ನಿಂತು, ನಾವ್ಯಾರೂ ಕಂಡಿರದ ಹಿಮದ ಊರೊಂದರ ಕೊಲೆಯನ್ನು ಪತ್ತೆ ಮಾಡಲು ಹೊರಟಿದ್ದರು. ಎರಡು ಸಾವಿರದ ಹದಿನೆಂಟರ ಮಳೆಗಾಲ ಅದು.

ಶುರುವಾದದ್ದು ನನ್ನ ಗಿರಾಕಿಯೊಬ್ಬರ ಮಗ ಅಮೋಲ್‌ನಿಂದ. ಮರಾಠಿ ಹುಡುಗ, ಈ ಕೋಣೆಯಲ್ಲಿ ದನಿ ಮುದ್ರಿಸುವ ಕೆಲಸ ಮಾಡುತ್ತಿದ್ದ. ಅವನ ತಾಯಿಗೆ ಪೈಠಣಿ ಸೀರೆ ತೋರಿಸುತ್ತ ಕೂತಿದ್ದಾಗ ಒಳಗಿಂದ ಬಂದು ಕೇಳಿದ:

"ಮಾವ್ಶಿ, ನೀವು ಕನ್ನಡದವರಲ್ಲವಾ? ಕನ್ನಡ ಮಾತಾಡುವ ಜನ ಬೇಕು. ಸಿಗುತ್ತಾರಾ?"

ಅವನು ಕೇಳಿದ್ದು ಮರಾಠಿಯಲ್ಲಿ; ಮಾವ್ಶಿ ಎಂದರೆ ಚಿಕ್ಕಮ್ಮ. ನಾನು ಎಷ್ಟು ಜನ, ಏತಕ್ಕೆ ಎಂದು ಕೇಳುವ ಮೊದಲೇ "ಸಿಗುತ್ತಾರೆ" ಎಂದೆ. 'ಇಲ್ಲ' ಎನ್ನುವುದನ್ನು ಆಮೇಲೆಯೂ ಹೇಳಬಹುದು; 'ಉಂಟು' ಎನ್ನುವುದನ್ನು ಮಾತ್ರ ಆ ಗಳಿಗೆಯಲ್ಲೇ ಹೇಳಬೇಕು.

ಸಂಗತಿ ಇಷ್ಟು. ಹೊರದೇಶದಲ್ಲಿ ಟಿವಿಗೆಂದೇ ತಯಾರಿಸಿದ ಪತ್ತೇದಾರಿ ಚಿತ್ರಗಳ ಒಂದು ಕಂತೆ. ಎಲ್ಲವೂ ಅಲ್ಲಿ ಜನ ಮುಗಿಬಿದ್ದು ಓದಿದ ಕಾದಂಬರಿಗಳಿಂದ ತೆಗೆದವಂತೆ. ಅಂಚೆ ಕಚೇರಿ ನಡೆಸುವ ಒಬ್ಬ ಹೆಂಗಸು ಪ್ರತಿ ಚಿತ್ರದಲ್ಲೂ ಒಂದೊಂದು ಕೊಲೆಯ ಗುಟ್ಟು ಬಿಡಿಸುತ್ತಾಳೆ. ಅವುಗಳಿಗೆ ಕನ್ನಡದ ದನಿ ಕೂರಿಸಿ ಮೊಬೈಲಿನಲ್ಲಿ ತೋರಿಸುವವರು ಬೆಂಗಳೂರಿನಲ್ಲಿದ್ದರು. ಬೇರೆ ಭಾಷೆಯ ಚಿತ್ರಕ್ಕೆ ಕನ್ನಡದ ದನಿ ಕೂರಿಸುವುದಕ್ಕೆ ಊರ ಕಡೆ ಬಹಳ ಕಾಲ ವಿರೋಧವಿತ್ತು. ಆ ಬಾಗಿಲು ಆಗಷ್ಟೇ ತುಸು ತೆರೆದಿತ್ತು. ಮೊದಲ ಚಿತ್ರದ ಮುಕ್ಕಾಲು ಭಾಗ ಮಾಡಿ ಕಳಿಸಬೇಕು. ಒಪ್ಪಿಗೆಯಾದರೆ ಉಳಿದ ಭಾಗ, ಆಮೇಲೆ ಇಡೀ ಕಂತೆ.

ಅಮೋಲ್‌ನ ಜತೆ ನಾನು ಮೊದಲು ಮಾತಾಡಿಕೊಂಡದ್ದು ಹಣದ ಬಗ್ಗೆ ಅಲ್ಲ. ಎ.ಸಿ. ಕಮ್ಮಿ ಇರಬೇಕು, ಗಂಟಲಿಗೆ ಬಿಸಿನೀರು ಇರಬೇಕು, ಹೆಂಗಸರಿಗೆ ಒಬ್ಬರ ಸರದಿಯ ಬೆನ್ನಿಗೇ ಇನ್ನೊಬ್ಬರ ಸರದಿ ಕೊಡಬೇಕು, ಜೋಡಿಯಾಗಿ ಹೋಗಿ ಜೋಡಿಯಾಗಿ ಬರುವ ಹಾಗೆ. ಆಫೀಸು ಬಿಡುವ ಗದ್ದಲಕ್ಕೆ ಮೊದಲೇ ಅವರು ರೈಲಿನಲ್ಲಿರಬೇಕು. ಹಣ ಕಮ್ಮಿಯಾದರೆ ಜನ ಗೊಣಗುತ್ತಾ ಬರುತ್ತಾರೆ. ರೈಲಿನಲ್ಲಿ ಜಜ್ಜಿಸಿಕೊಂಡರೆ ಮರುದಿನ ಬರುವುದೇ ಇಲ್ಲ.

ದನಿ ಹುಡುಕುವುದು ನನಗೆ ಕಷ್ಟವಾಗಲಿಲ್ಲ. ಬೆಲ್ ಒತ್ತಿದಾಗ ಒಳಗಿನಿಂದ "ಕೌನ್?" ಎಂದು ಬರುವ ಒಂದೇ ಮಾತಿನಲ್ಲಿ ಈ ಮನೆಯಲ್ಲಿ ಇವತ್ತು ಸೀರೆಯ ಗಂಟು ಬಿಚ್ಚಬೇಕೋ ಬೇಡವೋ ಎಂದು ನನಗೆ ತಿಳಿಯುತ್ತದೆ. ಡೊಂಬಿವಲಿಯ ಅರ್ಧದಷ್ಟು ಕನ್ನಡದ ಮನೆಗಳನ್ನು ನಾನು ಮುಖಕ್ಕಿಂತ ಮೊದಲು ದನಿಯಲ್ಲಿ ಬಲ್ಲೆ. ಎದುರು ಕಟ್ಟಡದ ಕಮಲಕ್ಕ ಉಡುಪಿ ಕಡೆಯವರು, ಭಜನಾ ಮಂಡಳಿಯಲ್ಲಿ ಮುಂದಿನ ಸಾಲಿನವರು. ಅಂಚೆಯವಳಿಗೆ ದಿನಾ ಸೂಪು ಕೊಡುವ ನೆರೆಮನೆಯ ಅಜ್ಜಿಯ ಪಾತ್ರ ಅವರಿಗೆ. ನಮ್ಮ ಯಜಮಾನರನ್ನು ಪೊಲೀಸ್ ಅಧಿಕಾರಿ ಮಾಡಿದೆ. ಅವರ ಕಂಪನಿ ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ಮಾತು ಬಹಳ ಕಮ್ಮಿಯಾಗಿತ್ತು. "ಎಲ್ಲರೂ ದೂರ ಸರಿಯಿರಿ!" ಎಂದು ಮೈಕಿಗೆ ಗುಡುಗಿ ಹೊರಬಂದವರು, "ಇನ್ನೊಂದು ಸಲ ಬೇಕಾದರೆ ಹೇಳುತ್ತೇನೆ" ಎಂದು ಅಮೋಲ್‌ಗೆ ತಾವಾಗಿಯೇ ಹೇಳಿದರು.

ಅಂಚೆಯವಳ ದನಿಗೆ ನಾನು ಆರಿಸಿದ್ದು ಮಹಾದೇವಿ ಟೀಚರನ್ನು.

ಅವರು ವಿಜಯಪುರದ ಕಡೆಯವರು, ನಲವತ್ತರ ಹತ್ತಿರದ ಪ್ರಾಯ, ಮದುವೆಯಾಗಿರಲಿಲ್ಲ. ಅಣ್ಣನ ಸಂಸಾರದ ಜೊತೆ ದಿವಾದಲ್ಲಿದ್ದರು. ರೈಲು ಹಳಿಯ ಪಕ್ಕದ ಕನ್ನಡ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಪಾಠ ಹೇಳಿದ್ದರು. ಕಲಬುರಗಿ, ರಾಯಚೂರಿನಿಂದ ಬಂದು ಕಟ್ಟಡದ ಕೆಲಸ ಮಾಡುವವರ ಮಕ್ಕಳೇ ಅಲ್ಲಿ ಹೆಚ್ಚು. ಮಕ್ಕಳು ಒಬ್ಬೊಬ್ಬರಾಗಿ ಇಂಗ್ಲಿಷ್ ಶಾಲೆಗೆ ಹೋದರು, ಆ ಜೂನ್‌ನಲ್ಲಿ ಶಾಲೆ ತೆರೆಯಲೇ ಇಲ್ಲ. ಗಣಪತಿ ಹಬ್ಬದವರೆಗೆ ಕೆಲಸ ಸಿಕ್ಕರೆ ಸರಿ, ಇಲ್ಲವಾದರೆ ಊರಿಗೆ ಎಂದು ಅಣ್ಣ ಹೇಳಿಯಾಗಿತ್ತು. ಊರಿನಲ್ಲಿ ಇನ್ನೊಬ್ಬ ಅಣ್ಣನ ಮನೆ.

"ಊರಾಗ ಏನೈತ್ರೀ ಅಕ್ಕಾ ನಂಗ?" ಎಂದಿದ್ದರು ಒಮ್ಮೆ, ನನ್ನ ಮನೆಯಲ್ಲಿ ಸೀರೆಯ ಸೆರಗು ನೋಡುತ್ತ. "ಮಂದಿ ಅಡಿಗಿಮನ್ಯಾಗ ಒಂದು ಮೂಲಿ. ಇಲ್ಲಾದ್ರ ನನ್ನ ಪಾಸು, ನನ್ನ ಚೀಲ, ನನ್ನ ರೈಲು."

"ನಿಮಗೆ ಬರುವ ಕೆಲಸ ಎಂತದು, ಹೇಳಿ" ಎಂದೆ.

"ಕನ್ನಡ."

"ಅದನ್ನೇ ಮಾರುವ ಮಾರಾಯ್ತಿ."

ಹೀಗೆ ಆ ಮಳೆಗಾಲ ಪೂರ್ತಿ ನಾವು ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ, ಘಣಸೋಲಿಯಲ್ಲಿಳಿದು, ರಿಕ್ಷಾದ ಪ್ಲಾಸ್ಟಿಕ್ ಪರದೆಯನ್ನು ಕೈಯಲ್ಲಿ ಹಿಡಿದುಕೊಂಡು ಮಹಾಪೆಗೆ ಓಡಾಡಿದೆವು. ಹೊರಗೆ ಬೆಟ್ಟ ಕಾಣದಷ್ಟು ಮಳೆ. ಒಳಗೆ ಗಾಜಿನಾಚೆಯ ಪರದೆಯಲ್ಲಿ ಹಿಮ. ಟೀಚರ್ ಛತ್ರಿಯ ನೀರು ಕೊಡವಿ, ಒದ್ದೆ ನಿರಿಗೆ ಹಿಂಡಿಕೊಂಡು ಹೋಗಿ ನಿಂತು, "ಎಂಥ ಹಿಮ! ಇವತ್ತು ಅಂಚೆ ಬರುವುದು ಅನುಮಾನ" ಎನ್ನುವುದು.

ಈ ಕೆಲಸದ ಕ್ರಮ ನನಗೆ ಬಹಳ ವಿಚಿತ್ರವಾಗಿ ಕಂಡಿತು. ಇಬ್ಬರು ಮಾತಾಡುವ ದೃಶ್ಯವಿದ್ದರೂ ಇಬ್ಬರೂ ಒಟ್ಟಿಗೆ ನಿಲ್ಲುವುದಿಲ್ಲ. ಒಬ್ಬೊಬ್ಬರಾಗಿ ಒಳಗೆ ಹೋಗಿ ತಮ್ಮ ಮಾತನ್ನಷ್ಟೇ ಪರದೆಯ ತುಟಿಗೆ ಸರಿಯಾಗಿ ಕೂರಿಸಿ ಬರಬೇಕು. ಕೈಗೆ ಸಿಗುವುದೂ ತಮ್ಮ ಮಾತಿರುವ ಹಾಳೆ ಮಾತ್ರ. ಅದೂ ಕ್ರಮವಾಗಿ ಅಲ್ಲ. ಇವತ್ತು ದೋಣಿಮನೆಯಲ್ಲಿ ಹೆಣ ಕಂಡು ಕೂಗಿದರೆ, ನಾಳೆ ಆ ಹೆಣವಾಗುವವನಿಗೇ ಕಾಗದ ಕೊಟ್ಟು ನಗಬೇಕು. ಹೀಗಾಗಿ ಕತೆ ಏನು, ಕೊಂದವರು ಯಾರು ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಮೋಲ್‌ನನ್ನು ಕೇಳೋಣವೆಂದರೆ ಅವನಿಗೆ ಕನ್ನಡ ಬಾರದು, ಇಂಗ್ಲಿಷಿನ ಮೂಲ ನೋಡುವ ತಾಳ್ಮೆಯೂ ಇಲ್ಲ. ಕೊನೆಯ ಭಾಗವನ್ನು ಬೆಂಗಳೂರಿನವರು ಕಳಿಸಿಯೇ ಇರಲಿಲ್ಲ.

ಚಹಾದ ಹೊತ್ತಿಗೆ ಹೊರಗಿನ ಬೆಂಚಿನಲ್ಲಿ ನಾವು ತಂತಮ್ಮ ತುಂಡುಗಳನ್ನು ಜೋಡಿಸುತ್ತಿದ್ದೆವು.

"ಆ ಡಾಕ್ಟರನೇ" ಎನ್ನುತ್ತಿದ್ದರು ಕಮಲಕ್ಕ. "ನನ್ನ ಹತ್ತಿರ ಮಾತಾಡುವಾಗ ಕಣ್ಣು ಕೆಳಗೆ ಹಾಕುತ್ತಾನೆ."

"ಏ ಇಲ್ರೀ. ನನ್ನ ಕೂಡ ಭಾಳ ಚಂದ ಮಾತಾಡ್ತಾನ."

"ಚಂದ ಮಾತಾಡುವವನೇ ಟೀಚರೇ ಕೊಲ್ಲುವುದು. ನಮ್ಮ ಮನೆ ಬ್ರೋಕರ್ ನೆನಪಿಲ್ವಾ?"

ನಾನು ಮಾತಿಗಿಂತ ಹೆಚ್ಚಾಗಿ ಚಿತ್ರ ಕಟ್ಟಿದ ರೀತಿಯನ್ನು ನೋಡುತ್ತಿದ್ದೆ. ಪ್ರತಿ ಸ್ವಲ್ಪ ಹೊತ್ತಿಗೆ ಯಾರೋ ಬೆಚ್ಚಿಬೀಳುತ್ತಾರೆ, ಕಿಟಕಿಯಾಚೆ ನೆರಳು ಸರಿಯುತ್ತದೆ, ತಟ್ಟನೆ ಪರದೆ ಕಪ್ಪಾಗುತ್ತದೆ. ಯಾಕೆಂದು ಅಮೋಲ್‌ನನ್ನು ಕೇಳಿದಾಗ, "ಅಲ್ಲಿ ಜಾಹೀರಾತು ಬರುತ್ತದೆ ಮಾವ್ಶಿ, ಜನ ಬೇರೆ ಚಾನೆಲ್ಲಿಗೆ ಹೋಗಬಾರದಲ್ಲ" ಎಂದ. ಎಲಾ ಎನಿಸಿತು. ನಾನೂ ಅದನ್ನೇ ಮಾಡುವುದು. ಗಿರಾಕಿ ಎದ್ದೇಳುವಂತೆ ಕಂಡರೆ ಗಂಟಿನ ತಳದಿಂದ ಒಂದು ಸೀರೆಯ ಅಂಚನ್ನಷ್ಟೇ ಎಳೆದು, "ಇದು ಬೇಡ ಬಿಡಿ, ಬೇರೆಯವರಿಗೆ ಹೇಳಿದ್ದು" ಎಂದು ಮತ್ತೆ ಒಳಗೆ ತಳ್ಳುತ್ತೇನೆ. ಅವರು ಕೂತುಬಿಡುತ್ತಾರೆ. ಕಾದಂಬರಿ ಓದುವವರು ದುಡ್ಡು ಕೊಟ್ಟಾಗಿದೆ, ಹೇಗೂ ಪುಟ ತಿರುವುತ್ತಾರೆ. ಟಿವಿಯವರು ಮಾತ್ರ ಎದ್ದು ಹೋಗಬಲ್ಲ ಗಿರಾಕಿಗೆ ಕತೆ ಹೇಳಬೇಕು. ಅಷ್ಟೇ ವ್ಯತ್ಯಾಸ.

ಟೀಚರ ಕನ್ನಡ ಮೈಕಿನ ಮುಂದೆ ಅಚ್ಚುಕಟ್ಟು. ಪಾಠಪುಸ್ತಕದ ಹಾಗೆ, ಒಂದಕ್ಷರ ಜಾರುವುದಿಲ್ಲ. ಒಂದೇ ತೊಡಕು. ಪತ್ತೇದಾರಿ ಚಿತ್ರದ ನಾಯಕಿ ಆಗಾಗ ಹೆದರಬೇಕು. ಹೆದರಿದಾಗ ಹಾಳೆಯಲ್ಲಿ "ಅಯ್ಯೋ ದೇವರೇ" ಎಂದಿದ್ದರೂ ಟೀಚರ ಬಾಯಿಂದ ಬರುತ್ತಿದ್ದದ್ದು "ಯವ್ವಾ!" ನಾನೂ ಕಮಲಕ್ಕನೂ ಬಾಯಿಗೆ ಸೆರಗು ಒತ್ತಿಕೊಂಡೆವು. ಗಾಜಿನ ಈಚೆಯಿಂದ ಅಮೋಲ್ ಮಾತ್ರ ಹೆಬ್ಬೆರಳು ಎತ್ತಿ, "ಏಕ್ ನಂಬರ್!" ಎಂದ. ಭಾಷೆ ಗೊತ್ತಿಲ್ಲದವನಿಗೆ ನಿಜವಾದ ಹೆದರಿಕೆಯೊಂದೇ ಕೇಳಿಸುವುದು.

ಅದೇ ಅಮೋಲ್ ಇನ್ನೊಂದು ಕೆಲಸ ಮಾಡಿದ. ಕತೆಯಲ್ಲಿ ಅಂಚೆಯವಳಿಗೆ ಆಗಾಗ ಹೆಸರು ಹೇಳದ ಫೋನ್ ಬರುತ್ತದೆ. ಬರೀ ಪಿಸುಮಾತು: "ಆ ಕಾಗದವನ್ನು ಮರೆತುಬಿಡು." "ದೀಪ ಆರಿಸಿ ಮಲಗು." ಈ ಕಸುಬಿನಲ್ಲಿ ಇಂಥ ತುಣುಕು ಮಾತುಗಳಿಗೆ ಬೇರೆ ಯಾರನ್ನೂ ಕರೆಯುವುದಿಲ್ಲ, ಆ ಹೊತ್ತಿಗೆ ಬೆಂಚಿನಲ್ಲಿ ಯಾರಿದ್ದಾರೋ ಅವರನ್ನೇ ನಿಲ್ಲಿಸುತ್ತಾರೆ. ಆ ದಿನ ನೀರು ತುಂಬಿ ರೈಲು ತಡವಾಗಿ ನಾನು, ಕಮಲಕ್ಕ ಇಬ್ಬರೂ ಠಾಣೆಯಲ್ಲೇ ಸಿಕ್ಕಿಕೊಂಡಿದ್ದೆವು. ಬೆಂಚಿನಲ್ಲಿದ್ದದ್ದು ದಿವಾದಿಂದ ಬೇಗ ಹೊರಟಿದ್ದ ಟೀಚರ್ ಒಬ್ಬರೇ. ಪಿಸುಮಾತಿಗೆ ಯಾವ ದನಿಯಾದರೇನು ಎಂದು ಅಮೋಲ್ ಅವರಿಂದಲೇ ಹೇಳಿಸಿದ. ಅಂದರೆ ಹೆದರಿಸುವವಳೂ ಹೆದರುವವಳೂ ಒಬ್ಬಳೇ ಆದಳು. ನಮಗೆ ಆಗ ಇದು ಗೊತ್ತಾಗಲಿಲ್ಲ; ಟೀಚರಿಗೂ, ಬಿಡಿಬಿಡಿಯಾಗಿ ಹೇಳಿದ ಮಾತು ಎಲ್ಲಿ ಹೋಗಿ ಕೂರುತ್ತದೆಂಬ ಅಂದಾಜಿರಲಿಲ್ಲ.

ಮುಕ್ಕಾಲು ಭಾಗ ಮುಗಿದ ಮೇಲೆ ನಾನು ಅಮೋಲ್‌ಗೆ ಹೇಳಿದೆ, "ಸೀರೆ ಕಟ್ಟುವ ಮುಂಚೆ ನಾನು ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿಯುತ್ತೇನೆ. ನಮ್ಮವರಿಗೆ ಒಮ್ಮೆ ತೋರಿಸಿ ಆಮೇಲೆ ಕಳಿಸು." ಅವನು ಹಿಂದುಮುಂದು ನೋಡಿ ಪೆನ್‌ಡ್ರೈವ್ ಕೊಟ್ಟ.

ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಕಬ್ಬಿಣದ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಗೋಳಿಬಜೆಯ ತಟ್ಟೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಿತ್ತು. ಟೀಚರ್ ಮುಂದೆ ಕೂರಲು ನಾಚಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಬಂದವರಲ್ಲಿ ಕಲಬುರಗಿಯ ನಾಗಮ್ಮ ಮತ್ತು ಅವಳ ಮಗಳು ರೇಣುಕಾ ಇದ್ದರು. ರೇಣುಕಾ ಕಲ್ಯಾಣದ ಮಾಲೊಂದರಲ್ಲಿ ಕೆಲಸಕ್ಕಿದ್ದಳು. ಚಿಕ್ಕಂದಿನಲ್ಲಿ ಟೀಚರ ಶಾಲೆಯಲ್ಲೇ ಓದಿದವಳು, ಆದರೆ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಸೋಫಾದ ಮೇಲೆ ಕಾಲು ಮಡಚಿಟ್ಟು ಮೊಬೈಲ್ ಒತ್ತುತ್ತ ಕೂತಿದ್ದಳು.

ಯಜಮಾನರು ತೆರೆಯ ಮೇಲೆ ಗುಡುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಸೂಪು ತಂದಾಗ "ಕಮಲಕ್ಕಾ, ನಮಗೂ!" ಎಂದರು. ಆಮೇಲೆ ಫೋನ್ ರಿಂಗಾಯಿತು. ಅಂಚೆಯವಳು ಎತ್ತಿದಳು.

"ದೀಪ ಆರಿಸಿ ಮಲಗು."

ರೇಣುಕಾ ತಟ್ಟನೆ ಕಾಲು ಕೆಳಗಿಳಿಸಿ ನೆಟ್ಟಗೆ ಕೂತಳು. ಮೊಬೈಲು ಮಡಿಲಿಗೆ ಬಿತ್ತು.

"ಕ್ಯಾ ಹುವಾ?" ಎಂದೆ.

"ಟೀಚರ್!" ಎಂದಳು, ಬಾಗಿಲ ಕಡೆ ನೋಡುತ್ತ. "ಯೇ ತೋ ಟೀಚರ್ ಹೈ!"

ನಾಗಮ್ಮನೂ ಕಣ್ಣರಳಿಸಿದಳು. "ಹೌದಲ್ಲ! ಬೈಯೂ ಮುಂದ ಹಿಂಗಽ ಅಂತಿದ್ರು. ಯವ್ವಾ, ಇದು ಟೀಚರ್ ಬೈಯೂ ದನಿ!"

ಆಗ ತಿಳಿದದ್ದು. ಆ ಶಾಲೆಯ ಪಕ್ಕದಲ್ಲೇ ರೈಲು ಓಡುತ್ತಿತ್ತು. ಗಾಡಿ ಹೋಗುವಾಗ ಎಷ್ಟು ಕೂಗಿದರೂ ಹಿಂದಿನ ಬೆಂಚಿಗೆ ಕೇಳದು. ಹಾಗಾಗಿ ಟೀಚರ್ ಕೂಗುವುದನ್ನೇ ಬಿಟ್ಟಿದ್ದರು. ತಪ್ಪು ಮಾಡಿದ ಮಗುವನ್ನು ನೋಡುತ್ತ ಸುಮ್ಮನೆ ನಿಲ್ಲುವುದು, ಗಾಡಿ ಪೂರ್ತಿ ದಾಟಿಹೋದ ಮೇಲಿನ ಆ ಮೌನದಲ್ಲಿ ಪಿಸುಮಾತಿನಲ್ಲಿ ಬೈಯುವುದು. ಇಡೀ ತರಗತಿಗೆ ಕೇಳುತ್ತಿತ್ತಂತೆ. ಯಾರಿಗೂ ಏಟು ಬಿದ್ದಿರಲಿಲ್ಲ, ಎಲ್ಲರಿಗೂ ಹೆದರಿಕೆ.

ಅಲ್ಲಿಂದ ಚಿತ್ರದ ಗತಿ ಕೆಟ್ಟಿತು. "ಅಂಚೆಯವಳೇ ತನಗೆ ತಾನು ಫೋನ್ ಮಾಡಿಕೊಳ್ಳುತ್ತಾಳೆ." "ಹುಚ್ಚು ಹಿಡಿದಿರಬೇಕು." "ಕೊಂದವಳೂ ಅವಳೇ, ಇನ್ನೇನು ನೋಡುವುದು?" ಪರದೆ ಕಪ್ಪಾಗುವ ಮೊದಲೇ ಹಾಲಿನಲ್ಲಿ ತೀರ್ಪಾಗಿ, ಗೋಳಿಬಜೆಯ ಚಟ್ನಿ ಎಲ್ಲಿ ಎಂಬಲ್ಲಿಗೆ ಮಾತು ಬಂತು. ಅಷ್ಟರಲ್ಲಿ ನಾಯಕಿ ದೋಣಿಮನೆಯಲ್ಲಿ "ಯವ್ವಾ!" ಎಂದಳು. ಮನೆಯೇ ಹಾರಿಹೋಗುವ ಹಾಗೆ ನಕ್ಕರು. ನಾನು ತಿರುಗಿ ನೋಡುವಾಗ ಅಡುಗೆಮನೆಯ ಬಾಗಿಲಲ್ಲಿ ಟೀಚರ್ ಇರಲಿಲ್ಲ, ಚಪ್ಪಲಿಯೂ ಇರಲಿಲ್ಲ.

ಅಮೋಲ್‌ಗೆ ಫೋನ್ ಮಾಡಿ, ಕಳಿಸಬೇಡ, ಪಿಸುಮಾತು ಬದಲಾಯಿಸಬೇಕು ಎಂದೆ. "ಮಾವ್ಶಿ, ಬೆಂಗಳೂರಿನವರು ಅವಸರ ಮಾಡಿದರು. ಬೆಳಗ್ಗೆಯೇ ಕಳಿಸಿಬಿಟ್ಟೆ" ಎಂದ.

ಮತ್ತೆ ಕೆಲವು ದಿನ ಸುದ್ದಿಯಿಲ್ಲ. ಬೀದಿಯಲ್ಲಿ ಗಣಪತಿಯ ಮಂಟಪಕ್ಕೆ ಬಿದಿರು ನೆಡತೊಡಗಿದ್ದರು. ಒಂದು ಮಧ್ಯಾಹ್ನ ಟೀಚರ್ ಬಂದರು. ಕೈಯಲ್ಲಿ ಚೀಲ, ಅದರೊಳಗೆ ನಾನು ಕೊಟ್ಟಿದ್ದ ಹಸಿರು ಇಳಕಲ್ ಸೀರೆ, ಮಡಿಕೆ ಬಿಚ್ಚದ ಹಾಗೆಯೇ.

"ಇದನ್ನ ಹೊಳ್ಳಿ ತಗೊಳ್ರೀ ಅಕ್ಕಾ. ಅಣ್ಣ ಗಾಡಿ ತಿಕೀಟು ತೆಗಸ್ಯಾನ. ಗಣಪತಿ ಕಳಿಸಿದ ಮರುದಿನ."

"ಕೊಟ್ಟ ಸೀರೆ ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಇಪ್ಪತ್ತು ವರ್ಷದಿಂದ ತೆಗೆದುಕೊಂಡಿಲ್ಲ."

"ಅಲ್ಲಿ ಉಟ್ಟು ಎಲ್ಲಿಗೆ ಹೋಗೋದೈತ್ರೀ?"

ಚೀಲವನ್ನು ಅವರ ಕಡೆಗೇ ಸರಿಸಿದೆ. ಚಹಾ ಇಟ್ಟೆ. ಅಷ್ಟರಲ್ಲಿ ಫೋನ್ ಬಂತು. ಅಮೋಲ್ ನನ್ನ ನಂಬರನ್ನು ಬೆಂಗಳೂರಿನ ಭಾಷೆ ನೋಡುವ ಮೇಡಮ್ಮಿಗೆ ಕೊಟ್ಟಿದ್ದ. ಟೀಚರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

"ಸುಮತಿ ಅವರಾ? ನೋಡಿ, ಹೀರೋಯಿನ್ ದನಿ ಬದಲಾಯಿಸ್ಲೇಬೇಕು. ಕನ್ನಡ ತುಂಬಾ ಚೆನ್ನಾಗಿದೆ, ಆದ್ರೆ ಹೆದರಿಕೆ ಆದಾಗೆಲ್ಲ ಅವರು ಸೀದಾ ವಿಜಯಪುರಕ್ಕೆ ಹೋಗ್ಬಿಡ್ತಾರೆ."

ಟೀಚರ್ ಲೋಟ ಕೆಳಗಿಟ್ಟರು.

"ಸರಿ ಮೇಡಂ" ಎಂದೆ.

"ಇನ್ನೊಂದು. ಆ ಫೋನಲ್ಲಿ ಪಿಸುಗುಟ್ಟೋದು ಯಾರು? ನಾನು ಒಬ್ಬಳೇ ಕೂತು ಕೇಳ್ತಿದ್ದೆ, ಎದ್ದು ಬಾಗಿಲು ಹಾಕ್ಕೊಂಡೆ ಕಣ್ರೀ. ಅವರು ನಮಗೆ ಬೇಕು."

ಟೀಚರ್ ಬಾಯಿ ತೆರೆದರು. ನಾನು ಅವರ ಮೊಣಕಾಲನ್ನು ಒತ್ತಿ ಹಿಡಿದೆ.

"ಅವರಾ? ಅವರು ಹಾಗೆ ಸುಲಭಕ್ಕೆ ಸಿಗುವುದಿಲ್ಲ ಮೇಡಂ. ಊರಿಗೆ ಹೊರಟಿದ್ದಾರೆ. ಟಿಕೆಟ್ಟೂ ಆಗಿದೆ."

"ಅಯ್ಯೋ, ನಿಲ್ಸೋಕೆ ಆಗಲ್ವಾ?"

"ಒಂದು ಚಿತ್ರಕ್ಕಾದರೆ ನಾನು ಬಾಯಿ ತೆಗೆಯುವುದಿಲ್ಲ. ಇಡೀ ಕಂತೆಗಾದರೆ ಕೇಳಿ ನೋಡಬಹುದು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಒಂದು ಮಾತು ಹೇಳುತ್ತೇನೆ, ಚೌಕಾಸಿಯಲ್ಲಿ ಸುಳ್ಳು ಹೇಳಬೇಡಿ. ಸುಳ್ಳಿಗೆ ಮುಂದೆ ಕಾವಲು ಕೂರಬೇಕಾಗುತ್ತದೆ. ನಿಜವನ್ನೇ ಹೇಳಿ, ಹೇಳುವ ಹೊತ್ತನ್ನು ಮಾತ್ರ ನೀವು ಆರಿಸಿ. ಹೇಳಿದ ಮೇಲೆ ಸುಮ್ಮನಿರಿ. ಎದುರಿನವರು ಉಸಿರಾಡುವುದು ಕೇಳಿದರೂ ಸುಮ್ಮನಿರಿ.

"ಆಯ್ತು, ಇಡೀ ಕಂತೆಗೇ" ಎಂದರು ಮೇಡಂ.

"ಇನ್ನೊಂದು ಶರತ್ತು. ಕೊಂದದ್ದು ಯಾರು, ಹೇಳಿ. ಇಲ್ಲಿ ಯಾರಿಗೂ ನಿದ್ದೆ ಇಲ್ಲ."

ಅವರು ನಕ್ಕರು. "ಫೋನ್ ಮಾಡೋರೇ. ಸೂಪು ಕೊಡ್ತಾರಲ್ಲ, ಆ ನೆರೆಮನೆ ಅಜ್ಜಿ. ಹಾಗಾಗಿ ಅಜ್ಜಿ ಪಾತ್ರಾನ ಮೊದಲಿಂದ ಕೊನೇವರೆಗೂ ಆ ಪಿಸುಮಾತಿನವರೇ ಮತ್ತೆ ಹೇಳ್ಬೇಕು."

"ಹಂಗಾರ ಖೂನಿ ಮಾಡಿದಾಕಿ ನಾನಽ ಏನ್ರೀ?" ಎಂದು ಟೀಚರ್ ತಡೆಯಲಾರದೆ ಕೂಗಿದರು.

ಫೋನಿನಲ್ಲಿ ಮೇಡಮ್ಮಿನ ನಗು ನಿಂತಿತು. "ಇದು... ಹೀರೋಯಿನ್ ಅಲ್ವಾ?"

"ಇಬ್ಬರೂ ಇವರೇ ಮೇಡಂ" ಎಂದೆ. ಮಾತು ಮುಗಿದಾಗಿತ್ತು, ಇನ್ನು ಹೇಳಿದರೆ ನಷ್ಟವಿಲ್ಲ. "ಇವರು ಹೆದರಿದರೆ ಮಾತ್ರ ವಿಜಯಪುರ. ಹೆದರಿಸುವುದಕ್ಕೆ ಆ ತೊಂದರೆ ಇಲ್ಲವಲ್ಲ."

ಸೀರೆ ಚೀಲದಲ್ಲೇ ವಾಪಸು ದಿವಾಕ್ಕೆ ಹೋಯಿತು.

ಕಮಲಕ್ಕನಿಗೆ ಪಾತ್ರ ಹೋದದ್ದನ್ನು ಹೇಳುವುದು ಹೇಗೆಂದು ನಾನು ತಲೆ ಕೆಡಿಸಿಕೊಂಡಿದ್ದರೆ, ಅವರು ಎದೆ ಮುಟ್ಟಿಕೊಂಡು, "ದೇವರು ದೊಡ್ಡವನು. ನಾನು ಕೊಲೆ ಮಾಡಿದ್ದು ಗೊತ್ತಾದರೆ ಭಜನೆಯಲ್ಲಿ ನನ್ನ ಪಕ್ಕ ಯಾರು ಕೂರುತ್ತಿದ್ದರು?" ಎಂದರು. ಅಂಚೆಯವಳ ದನಿಗೆ ನಾನು ರೇಣುಕಾಳನ್ನು ನಿಲ್ಲಿಸಿದೆ. ಯಾವ ಊರಿನ ಛಾಯೆಯೂ ಇಲ್ಲದ ಕನ್ನಡ ಅವಳದು, ತರಗತಿಯಲ್ಲಿ ಟೀಚರಿಂದ ಕಲಿತದ್ದಷ್ಟೇ. ಬೆಂಚಿನಲ್ಲಿ ಕೂರಿಸಿಕೊಂಡು ಟೀಚರೇ ಹಾಳೆ ಓದಿಸಿದರು. ಕಿವಿಯಲ್ಲಿ ಹೆಡ್‌ಫೋನಿಟ್ಟು ಟೀಚರ ಪಿಸುಮಾತು ಕೇಳಿಸಿದಾಗ ರೇಣುಕಾ ನಿಜಕ್ಕೂ ಬೆವೆತಳು. ಬೆವೆತು ಕೂಗಿದ್ದು ಮಾತ್ರ "ಆಯೀ ಗ!" ಎಂದು, ಮರಾಠಿಯಲ್ಲಿ. ಬೆಂಗಳೂರಿನ ಮೇಡಂ ಕೈ ಚೆಲ್ಲಿ, ಕೂಗಿಗೆ ಯಾವ ಭಾಷೆಯೂ ಬೇಡ, ಇಂಗ್ಲಿಷಿನವಳು ಕೂಗಿದ್ದನ್ನೇ ಹಾಗೇ ಬಿಡಿ ಎಂದುಬಿಟ್ಟರು.

"ಹಾಗಾದರೆ ನೀವೇ ನಾಯಕಿಯಾಗಿ ಉಳಿಯಬಹುದಿತ್ತಲ್ಲ" ಎಂದೆ ಟೀಚರಿಗೆ.

"ಬ್ಯಾಡ್ರೀ ಅಕ್ಕಾ" ಎಂದರು. "ಇಷ್ಟು ವರ್ಷ ಶಾಣ್ಯಾಕಿ ಆಗಿದ್ದು ಸಾಕಾಗೇತಿ. ಇದಽ ಛೊಲೋ ಅನಸ್ತದ."

ಗಣಪತಿಯನ್ನು ಕಳಿಸಿದ ಮರುದಿನ ವಿಜಯಪುರದ ಗಾಡಿ ಅವರಿಲ್ಲದೆ ಹೋಯಿತು. ಒಂದೇ ಚಿತ್ರ ಮಾಡಿ ರೇಣುಕಾ ಬೇರೆ ಕೆಲಸ ಹಿಡಿದಳು, ಅವಳ ಜಾಗಕ್ಕೆ ಇನ್ನೊಬ್ಬಳು ಬಂದಳು. ಅಮೋಲ್ ಈ ಕೋಣೆಯನ್ನು ಬಿಟ್ಟು ಠಾಣೆಯ ಇನ್ನೊಂದು ಸ್ಟುಡಿಯೊಕ್ಕೆ ಹೋದ. ನಾನು ಸೀರೆಗೆ ಮರಳಿದೆ. ಟೀಚರ್ ಅಮೋಲ್‌ನ ಜೊತೆ ಅದೇ ಕೆಲಸದಲ್ಲಿ ಉಳಿದರು, ಚಿತ್ರ ಯಾವುದಾದರೂ ಕೊಲೆಗಾರ್ತಿಯ ದನಿ ಅವರದೇ. ದಿವಾದಲ್ಲಿ ಅಣ್ಣನ ಮನೆಯಿಂದ ಸ್ವಲ್ಪ ದೂರಕ್ಕೆ, ತಮ್ಮದೇ ಬಾಡಿಗೆಯ ಕೋಣೆ ಹಿಡಿದರು. ಅಣ್ಣನ ಮಕ್ಕಳು ಈಗ ಅತ್ತೆ ಪಿಸುಗುಟ್ಟಿದರೆ ಊಟಕ್ಕೆ ಓಡಿಬರುತ್ತಾರಂತೆ.

ಇಷ್ಟೆಲ್ಲ ನೆನೆಯುತ್ತ ಗೋದಾಮಿನವಳಿಗೆ ಸೀರೆ ಕೊಟ್ಟು, ಠಾಣೆಗೆ ಬಂದು ಕಲ್ಯಾಣದ ಗಾಡಿ ಹತ್ತಿದೆ. ಪುಣ್ಯಕ್ಕೆ ಕೂರಲು ಜಾಗ ಸಿಕ್ಕಿತು. ಎದುರಿನ ಸೀಟಿನವಳು ಊಟದ ಡಬ್ಬಿಯ ಚೀಲಕ್ಕೆ ಮೊಬೈಲನ್ನು ಆನಿಸಿಟ್ಟು ದೊಡ್ಡ ದನಿಯಲ್ಲಿ ಏನೋ ನೋಡುತ್ತಿದ್ದಳು. ಕಳವಾ ದಾಟುವಾಗ ಕೇಳಿಸಿತು: "ಬಿಸಿಯಾಗಿದೆ, ನಿಧಾನ ಕುಡಿ ಮಗಳೇ." ಅದೇ ದನಿ! ಬಗ್ಗಿ ನೋಡಿದೆ. ಬೇರೆ ಚಿತ್ರ, ಬೇರೆ ಮುದುಕಿ, ಹಿಮ ಮಾತ್ರ ಅದೇ.

ನನ್ನ ಬಾಯಿ ಸುಮ್ಮನಿರಲಿಲ್ಲ. "ಆ ಮುದುಕಿಯನ್ನು ನಂಬಬೇಡಿ. ಅವಳೇ ಕೊಲೆಗಾರ್ತಿ."

ಅವಳು ತಲೆಯೆತ್ತಿದಳು. ಕಲಬುರಗಿ ಕಡೆಯವಳು. "ನೀವು ನೋಡೀರೇನು?"

"ನೋಡಿಲ್ಲ. ಆದರೆ ನನಗೆ ಗೊತ್ತು."

"ನೋಡಿಲ್ಲಂದ್ರ ಸುಮ್ನ ಕುಂದರ್ರೀ ಯವ್ವಾ."

ಮುಂಬ್ರಾದ ಸುರಂಗದೊಳಗೆ ಗಾಡಿ ನುಗ್ಗಿತು. ಹೊರಬರುವಷ್ಟರಲ್ಲಿ ಮೊಬೈಲಿನ ಮುದುಕಿ ಮೆಟ್ಟಿಲ ಕೆಳಗೆ ಅಂಗಾತ ಬಿದ್ದಿದ್ದಳು. ಕಣ್ಣು ತೆರೆದೇ ಇತ್ತು. ಪರದೆ ಕಪ್ಪಾಯಿತು.

"ನಿಮ್ಮ ಕೊಲೆಗಾರ್ತಿ ಸತ್ತಳಲ್ರೀ!" ಎಂದು ಅವಳು ಕೈ ತಟ್ಟಿ ನಕ್ಕಳು.

ನಾನು ತಕ್ಷಣ ಟೀಚರಿಗೆ ಫೋನ್ ಹಚ್ಚಿದೆ. "ಎಂತ ಟೀಚರೇ ಇದು? ನಿಮ್ಮನ್ನು ಕೊಂದುಬಿಟ್ಟರಲ್ಲ!"

"ಹೌದ್ರೀ ಅಕ್ಕಾ" ಎಂದರು ಸಂತೋಷದಿಂದ. ಅವರ ಹಿಂದಿನಿಂದ ಅಮೋಲ್ ಯಾರಿಗೋ ಹಿಂದಿಯಲ್ಲಿ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. "ಯಾವಾಗ್ಲೂ ನಾನಽ ಕೊಂದ್ರ ಮಂದಿಗೆ ಗೊತ್ತಾಗ್ತದಂತ, ಈ ಸಲ ಪಾತ್ರ ಬದಲಿ ಮಾಡ್ಯಾರ."

"ಕೊಂದದ್ದು ಯಾರು?"

"ನಂಗೆಲ್ಲಿ ಗೊತ್ರೀ? ಸತ್ತ ಮ್ಯಾಲಿನ ಹಾಳಿ ನನಗ್ಯಾಕ ಕೊಡ್ತಾರ? ನೀವು ನೋಡಿ ನಂಗೂ ಹೇಳ್ರಿ."

ಈ ರೈಲು ಮಾರ್ಗದಲ್ಲಿ ಓಡಾಡುವವರಿಗೆ ನಾನು ಹೇಳುವ ಒಂದು ಬುದ್ಧಿಮಾತಿದೆ: ಡೊಂಬಿವಲಿಯಲ್ಲಿ ಇಳಿಯಬೇಕಾದವರು ದಿವಾ ಬಂದ ಕೂಡಲೇ ಎದ್ದು ಬಾಗಿಲಿಗೆ ಸರಿಯಬೇಕು, ಇಲ್ಲದಿದ್ದರೆ ಇಳಿದ ಹಾಗೆಯೇ. ದಿವಾ ಬಂತು. ಎದುರಿನವಳು ಚೀಲವನ್ನು ಸ್ವಲ್ಪ ನನ್ನ ಕಡೆಗೆ ತಿರುಗಿಸಿ, "ಬರ್ರಿ, ಈ ಕಡೆ ಸರೀರಿ" ಎಂದಳು. ಸರಿದೆ. ಅಂಚೆಯವಳು ಟಾರ್ಚು ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಡೊಂಬಿವಲಿ ಬಂತು, ಹೆಂಗಸರು ತಳ್ಳಿಕೊಂಡು ಇಳಿದರು, ಗಾಡಿ ಹೊರಟಿತು. ಮಹಾದೇವಿ ಟೀಚರನ್ನು ಯಾರು ಕೊಂದರೆಂದು ತಿಳಿಯದೆ ನಾನು ಏಳುವ ಹಾಗಿರಲಿಲ್ಲ.